ಜೀನ್ಸ್ ತರಬೇಡಿ

ಹೋಂಸ್ಟೇ ನಡೆಸುತ್ತೇವೆ ಅಂದರೆ ಜನ ಮೊದಲು ಕೇಳುವುದು ಊಟದ ವಿಷಯ. ಕಡುಬು ಮಾಡ್ತೀರಾ, ಅಕ್ಕಿ ರೊಟ್ಟಿ ಇರುತ್ತಾ, ಕಳಲೆ ಪಲ್ಯ ಸಿಗುತ್ತಾ ಅಂತ. ಬೆಡ್‌ಶೀಟ್ ಹೇಗೆ ಒಣಗಿಸ್ತೀರಿ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನನಗೋ ಜೂನ್‌ನಿಂದ ಸೆಪ್ಟೆಂಬರ್ ತನಕ ಅದೊಂದೇ ಚಿಂತೆ.

ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಎರಡೂ ಹತ್ತಿರ. ಹಳೇ ಮನೆ ಪಕ್ಕ ನಾಲ್ಕು ರೂಮು ಕಟ್ಟಿಸಿದ್ದೇವೆ. ಜುಲೈ ತಿಂಗಳಲ್ಲಿ ಘಾಟಿಯ ತುಂಬ ಝರಿಗಳು. ಅದನ್ನು ನೋಡಲು ಬೆಂಗಳೂರಿನಿಂದ ಜನ ಶುಕ್ರವಾರ ರಾತ್ರಿಯೇ ಹೊರಟು ಬರುತ್ತಾರೆ. ಅವರಿಗೆ ಮಳೆ ಬೇಕು. ಅವರು ಎದ್ದು ಹೋದ ಹಾಸಿಗೆಯ ಬಟ್ಟೆಗೆ ಬಿಸಿಲು ಬೇಕು. ಎರಡೂ ಒಟ್ಟಿಗೆ ಎಲ್ಲಿಂದ ತರೋಣ?

ಹೋಟೆಲಿನವರದ್ದು ಒಂದು ಲೆಕ್ಕ ಇದೆ. ಹಾಸಿಗೆಗೆ ಮೂರು ಸೆಟ್. ಒಂದು ಹಾಸಿಗೆ ಮೇಲೆ, ಒಂದು ಒಗೆಯಲು, ಇನ್ನೊಂದು ಬೀರುವಿನಲ್ಲಿ. ಮಲೆನಾಡಿನ ಜಡಿಮಳೆಗೆ ಈ ಲೆಕ್ಕ ಸಾಲದು. ಇಲ್ಲಿ ಇನ್ನೆರಡು ಸೆಟ್ ಬೇಕು, ಸುಮ್ನೆ ಹಗ್ಗದ ಮೇಲೆ ನೇತಾಡಲು. ಸೋಮವಾರ ಒಗೆದದ್ದು ಗುರುವಾರ ಮುಟ್ಟಿದರೂ ತಣ್ಣಗೆ. ಅದು ಒದ್ದೆಯೋ ಬರೀ ತಂಪೋ ಅಂತ ಕೆನ್ನೆಗೆ ಒತ್ತಿ ನೋಡಬೇಕು. ಸ್ವಲ್ಪ ಹಸಿ ಇದ್ದಾಗಲೇ ಮಡಚಿಟ್ಟರೆ ಎರಡು ದಿನದಲ್ಲಿ ಮುಗ್ಗಲು ವಾಸನೆ.

ನಮ್ಮಲ್ಲಿ ಮಳೆಗಾಲದಲ್ಲೂ ಒಣಗಿರುವ ಜಾಗ ಅಂದರೆ ಕಾಫಿ ಗೋಡೌನ್. ಮರದ ಹಲಗೆಯ ನೆಲ, ಗಾಳಿ ಆಡುತ್ತದೆ. ಅದರ ಮೇಲೆ ನನ್ನ ಕಣ್ಣು ಬಿದ್ದು ಎಷ್ಟೋ ಕಾಲವಾಯಿತು. ಆದರೆ ಯಜಮಾನರು ಬಿಡುವುದಿಲ್ಲ. ಕಾಫಿ ಬೀಜ ತೇವವನ್ನೂ ಎಳೆದುಕೊಳ್ಳುತ್ತದೆ, ವಾಸನೆಯನ್ನೂ ಎಳೆದುಕೊಳ್ಳುತ್ತದೆ. "ನಿನ್ನ ಸೋಪಿನ ಪರಿಮಳದ ಕಾಫಿ ಯಾರು ಕುಡೀತಾರೆ?" ಅನ್ನುತ್ತಾರೆ. ಕಣದ ಕಥೆಯೂ ಅಷ್ಟೇ. ಒಳ್ಳೆ ಬಿಸಿಲು ಬರುವ ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಕಾಫಿ ಹರಡಿರುತ್ತದೆ. ನನಗೆ ಕಣ ಪೂರ್ತಿ ಸಿಗುವುದು ಕಾಫಿ ಇಲ್ಲದಾಗ, ಅಂದರೆ ಹೆಚ್ಚಾಗಿ ಮಳೆ ಹೊಯ್ಯುವಾಗ!

ಕಲೆಗಳ ವಿಷಯದಲ್ಲಿ ಮಾತ್ರ ನನ್ನನ್ನು ಯಾರೂ ಮೀರಿಸಲಾರರು. ಕೋಳಿ ಸಾರಿನ ಕೈಯನ್ನು ಟವೆಲ್‌ಗೆ ಒರೆಸುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಅರಿಸಿನಕ್ಕೆ ಸೋಪು ತಾಗಿದ ಕೂಡಲೇ ಕೆಂಪಗಾಗುತ್ತದೆ. ಆರತಿಗೆ ಓಕುಳಿ ನೀರು ಮಾಡುವುದೂ ಅರಿಸಿನಕ್ಕೆ ಸುಣ್ಣ ಹಾಕಿಯೇ ಅಲ್ವಾ, ಅದೇ ಗುಟ್ಟು. ಆ ಕೆಂಪು ಜಾಲಿಸಿದರೆ ಹೋಗುತ್ತದೆ, ಹಳದಿ ಉಳಿಯುತ್ತದೆ. ಹಳದಿಗೆ ಮದ್ದು ಬಿಸಿಲೊಂದೇ. ಹಾಗಾಗಿ ಅರಿಸಿನದ ಕಲೆಯ ಬಟ್ಟೆಗಳದ್ದೇ ಒಂದು ಗಂಟು ಕಟ್ಟಿಡುತ್ತೇನೆ. ಅದನ್ನು ಬಿಚ್ಚುವುದು ದಸರಾ ಕಳೆದು ಆಕಾಶ ತಿಳಿಯಾದ ಮೇಲೆ.

ಇಂಬಳ, ಅಂದರೆ ಜಿಗಣೆ, ಕಚ್ಚಿದ ರಕ್ತದ ಕಲೆ ಬೇರೆ ಜಾತಿ. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ. ಹುಳ ಕಿತ್ತು ಹಾಕಿದರೂ ಗಂಟೆಗಟ್ಟಲೆ ಒಸರುತ್ತದೆ. ಗಾಬರಿಯಾದ ಗೆಸ್ಟ್ ಕೈಗೆ ಸಿಕ್ಕ ಬಿಳೀ ಟವೆಲ್ ಸುತ್ತಿಕೊಂಡು ಮಲಗುತ್ತಾರೆ. ಇದಕ್ಕೆ ತಣ್ಣೀರೇ ಆಗಬೇಕು. ಬಿಸಿ ನೀರು ತಾಗಿದರೆ ಕಲೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಜಗಲಿಯಲ್ಲಿ ಕಡು ಕೆಂಪು ಬಣ್ಣದ ಹಳೇ ಟವೆಲ್‌ಗಳನ್ನು ಇದಕ್ಕೆಂದೇ ಇಟ್ಟಿದ್ದೇನೆ, ಚೀಟಿ ಬೇರೆ ಅಂಟಿಸಿದ್ದೇನೆ. ಯಾರೂ ಮುಟ್ಟುವುದಿಲ್ಲ.

ಬ್ಲೀಚ್ ಹಾಕಿ ಅಂತ ಪೇಟೆಯ ನೆಂಟರು ಸಲಹೆ ಕೊಡುತ್ತಾರೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಅದಕ್ಕೆ ಬ್ಲೀಚ್ ಸೇರಿದರೆ ಕಬ್ಬಿಣ ತುಕ್ಕಾಗಿ ಬಟ್ಟೆಯ ಮೇಲೇ ಕೂರುತ್ತದೆ, ಬಿಳಿ ಶೀಟು ಕಾವಿಯಾಗುತ್ತದೆ. ಹೀಗಾಗಿ ಮಳೆಗಾಲದಲ್ಲಿ ಮಾಡಿನ ನೀರನ್ನು ಟ್ಯಾಂಕಿಗೆ ಹಿಡಿದು ಅದರಲ್ಲೇ ಒಗೆಯುತ್ತೇವೆ. ಮಳೆ ನೀರು ಮೆದು, ಸ್ವಲ್ಪ ಪುಡಿಗೇ ಭರ್ತಿ ನೊರೆ. ಮಳೆಯಿಂದ ನನಗಾಗಿರುವ ಉಪಕಾರ ಇಷ್ಟೇ ಅಂತ ಬರೆದಿಟ್ಟುಕೊಳ್ಳಬಹುದು.

ಇದೆಲ್ಲ ನಮ್ಮ ಬಟ್ಟೆಯ ಪಾಡು. ಗೆಸ್ಟ್‌ಗಳ ಸ್ವಂತ ಬಟ್ಟೆಯ ಪಾಡು ನೋಡಿದ್ದು ಕಳೆದ ಜುಲೈಯ ಒಂದು ಶನಿವಾರ.

ಎಂಟು ಜನ ಹುಡುಗ ಹುಡುಗಿಯರು, ಎಲ್ಲರೂ ಐಟಿಯವರು. ಬೆಳಿಗ್ಗೆ ಗುಡ್ಡ ಹತ್ತಲು ಹೋದವರು ಸಂಜೆ ತೊಪ್ಪೆಯಾಗಿ ಬಂದರು. ಮಳೆಯಲ್ಲಿ ಕುಣಿದು ಖುಷಿಪಟ್ಟಿದ್ದಾರೆ, ಸರಿ. ಆದರೆ ಎಂಟೂ ಜನ ಹಾಕಿಕೊಂಡದ್ದು ಜೀನ್ಸ್, ಬದಲಿಗೆ ತಂದಿದ್ದು ರಾತ್ರಿ ಹಾಕುವ ಚಡ್ಡಿ. ಒಬ್ಬಳು ಹುಡುಗಿ ಅಡುಗೆಮನೆ ಬಾಗಿಲಿಗೆ ಬಂದಳು.

"ಆಂಟಿ, ಡ್ರೈಯರ್ ಇದ್ಯಾ? ನಾಳೆ ಬೆಳಿಗ್ಗೆ ಇದನ್ನೇ ಹಾಕ್ಕೊಂಡು ಹೋಗ್ಬೇಕು."

"ಕರೆಂಟೇ ಇಲ್ವಲ್ಲಮ್ಮ" ಅಂದೆ. ಮಧ್ಯಾಹ್ನವೇ ಎಲ್ಲೋ ಲೈನಿನ ಮೇಲೆ ಮರ ಬಿದ್ದಿತ್ತು. ಯುಪಿಎಸ್‌ನಲ್ಲಿ ಲೈಟು, ಫ್ಯಾನು ನಡೆಯುತ್ತದೆ, ಅಷ್ಟೇ.

ನಮ್ಮಲ್ಲಿ ಕೆಲಸಕ್ಕೆ ಬರುವ ಅಕ್ಕ ಮಾತೇ ಆಡಲಿಲ್ಲ. ಎಂಟೂ ಪ್ಯಾಂಟು ಹಿಂಡಿ, ಜೇಬು ಹೊರಗೆಳೆದು, ಬಚ್ಚಲ ಒಲೆಯ ಮೇಲಿನ ಗಳಕ್ಕೆ ತಿರುಗಿಸಿ ಹಾಕಿದಳು. ನೀರಿನ ಹಂಡೆಗೆ ಇಡೀ ರಾತ್ರಿ ಬೆಂಕಿ. ಊಟ ಆಗಿ ನೋಡಿದರೆ ಕಾಲು ಒಣಗಿದೆ, ಸೊಂಟದ ಪಟ್ಟಿ ಮತ್ತು ಜೇಬು ಹಾಗೇ ಇದೆ. ಅವಳು ಸೀದಾ ಜಗಲಿಗೆ ಹೋದವಳೇ ಅಲ್ಲಿ ಶೋಕಿಗೆ ಇಟ್ಟಿದ್ದ ನಮ್ಮ ಮಾವನವರ ಕಾಲದ ಹಿತ್ತಾಳೆ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಬಂದಳು. ಒಲೆಯ ಕೆಂಡ ತುಂಬಿಸಿದಳು. ಬಾಳೆ ಎಲೆಯ ಮೇಲೆ ಒಮ್ಮೆ ಎಳೆದು ಬಿಸಿ ನೋಡಿ, ಜೀನ್ಸ್ ಮೇಲೆ ಇಟ್ಟಳು. ಚುಂಯ್ ಅಂತ ಹಬೆ ಎದ್ದಿತು.

ಎಂಟೂ ಜನ ಚಡ್ಡಿಯಲ್ಲಿ, ನಮ್ಮ ಕಂಬಳಿ ಹೊದ್ದು, ಸುತ್ತ ನಿಂತು ವಿಡಿಯೋ ಮಾಡಿದರು. "ಅಕ್ಕ, ಒಂದ್ಸಲ ನಂಗೂ ಕೊಡಿ" ಅಂತ ಒಬ್ಬ ಹುಡುಗ ಪೆಟ್ಟಿಗೆ ಎತ್ತಲು ಹೋಗಿ ಅದರ ಭಾರಕ್ಕೆ ಅಲ್ಲೇ ಇಳಿಸಿದ. "ಜಿಮ್ಮಿಗೆ ಹೋಗ್ತೀಯಂತೆ" ಅಂತ ಅಕ್ಕ ನಕ್ಕಳು. ಕ್ಯಾಂಪ್‌ಫೈರ್ ಬೇಕು ಅಂತ ಬಂದಾಗಿನಿಂದ ಪೀಡಿಸುತ್ತಿದ್ದವರು, ಆ ರಾತ್ರಿ ಬಚ್ಚಲ ಒಲೆಯ ಮುಂದೆಯೇ ಕೂತು ಹನ್ನೊಂದರ ತನಕ ಹಾಡಿದರು.

ಬೆಳಿಗ್ಗೆ ಎಲ್ಲರೂ ಬೆಚ್ಚಗಿನ ಜೀನ್ಸ್ ಹಾಕಿ ಹೊರಟರು. ಒಬ್ಬಳು ಐದು ನಕ್ಷತ್ರ ಕೊಟ್ಟು ಅಕ್ಕನ ಬಗ್ಗೆಯೇ ಉದ್ದಕ್ಕೆ ಬರೆದಳು. ಅದೇ ಗುಂಪಿನ ಇನ್ನೊಬ್ಬ ಮೂರು ಕೊಟ್ಟ. "ಬಟ್ಟೆಗೆಲ್ಲ ಹೊಗೆ ವಾಸನೆ" ಅಂತೆ. ಯಜಮಾನರು ಓದಿ, "ನೋಡು, ಕಾಫಿಗೂ ಹೀಗೇ ಆಗ್ತಿತ್ತು" ಅಂದರು. ಅವರಿಗೆ ಎಲ್ಲದರಲ್ಲೂ ಗೋಡೌನೇ.

ಅವರು ಹೋದದ್ದು ಹನ್ನೊಂದಕ್ಕೆ, ಮುಂದಿನವರು ಬರುವುದು ಒಂದಕ್ಕೆ. ಆ ಎರಡು ಗಂಟೆಯಲ್ಲಿ ಮಂಚದಡಿ ಒಂಟಿ ಸಾಕ್ಸು, ಚಾರ್ಜರು, ಒಮ್ಮೊಮ್ಮೆ ಹಲ್ಲಿನ ಕ್ಲಿಪ್ಪು ಕೂಡ ಸಿಗುತ್ತದೆ. ಚಾರ್ಜರ್‌ಗೆ ಫೋನ್ ಬರುತ್ತದೆ. ಸಾಕ್ಸಿಗೆ ಯಾರೂ ಫೋನ್ ಮಾಡುವುದಿಲ್ಲ. ಈ ಮಧ್ಯೆ, "ನಾಲ್ಕು ಜನ ಅಂದಿದ್ವಿ, ಇನ್ನಿಬ್ಬರು ಸೇರ್ಕೊಂಡಿದ್ದಾರೆ ಆಂಟಿ" ಅಂತ ದಾರಿಯಿಂದ ಮೆಸೇಜ್. ಅಂದರೆ ಇನ್ನೊಂದು ಶೀಟು, ಎರಡು ದಿಂಬಿನ ಕವರು, ಎರಡು ಟವೆಲ್.

ಈಗ ಬುಕಿಂಗ್ ಮೆಸೇಜಿನ ಕೊನೆಗೆ ಒಂದು ಸಾಲು ಸೇರಿಸಿದ್ದೇನೆ: ಮಳೆಗಾಲದಲ್ಲಿ ಜೀನ್ಸ್ ತರಬೇಡಿ, ಬೇಗ ಒಣಗುವ ಪ್ಯಾಂಟ್ ತನ್ನಿ. ಮೊನ್ನೆ ಬಂದ ದಂಪತಿ ಅದನ್ನು ಓದಿಕೊಂಡೇ ಬಂದಿದ್ದರು. ಇಬ್ಬರೂ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, "ನೀವು ಹೇಳಿದ ಹಾಗೇ ತಂದಿದ್ದೇವೆ" ಅಂತ ಹೆಮ್ಮೆಯಿಂದ ಕಾರಿಳಿದರು. ಎರಡೂ ಬಿಳೀದು.