ತೀರ್ಥದ ಬಾಟಲಿ, ಎಂಟನೇ ಅಧ್ಯಾಯ

ಅಕ್ಟೋಬರ್ 19, ಭಾನುವಾರ ರಾತ್ರಿ
ಸಿದ್ದಾಪುರ, ಕೊಡಗು

ಹುಡುಗ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅದಕ್ಕೇ ಇಷ್ಟು ಹೊತ್ತಾದರೂ ನಿದ್ದೆ ಬರುತ್ತಿಲ್ಲ.

ಇವತ್ತಿನ ಮನೆಕೂಟ ಅಜ್ಜಿಯ ಮನೆಯಲ್ಲಿತ್ತು. ಬೆಂಗಳೂರಿನಲ್ಲಿ ದೇವಶಾಸ್ತ್ರ ಓದುವ ನಮ್ಮ ಹುಡುಗ ರಜೆಗೆ ಬಂದಿದ್ದಾನಲ್ಲ, ವಾಕ್ಯ ಹೇಳುವ ಸರದಿ ಅವನದಾಯಿತು. ಮೊನ್ನೆ 17ಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ. ಹೋದವರೆಲ್ಲ ತೀರ್ಥ ತಂದು ಮನೆಮನೆಗೆ ಕೊಡುತ್ತಿದ್ದಾರೆ. ಪ್ರತಿ ವರ್ಷ ನಮ್ಮ ಕ್ರೈಸ್ತರಿಗೆ ಇದೇ ಪೀಕಲಾಟ. ತಗೊಳ್ಳುವುದಾ, ಬೇಡವಾ?

ಹುಡುಗ ಬೈಬಲ್ಲಿನಲ್ಲಿ ಪೌಲ ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲ ಪತ್ರಿಕೆಯ ಎಂಟನೇ ಅಧ್ಯಾಯ ತೆಗೆದ. ಅಲ್ಲೂ ಇಂಥದ್ದೇ ಜಗಳ. ಗುಡಿಯಲ್ಲಿ ಬಲಿ ಕೊಟ್ಟ ಮಾಂಸ ಪೇಟೆಗೂ ಬರುತ್ತಿತ್ತು, ಕರೆದವರ ಮನೆಯ ಎಲೆಗೂ ಬೀಳುತ್ತಿತ್ತು. ತಿಳಿದವರು, ವಿಗ್ರಹದಲ್ಲಿ ಏನೂ ಇಲ್ಲ, ದೇವರು ಒಬ್ಬನೇ, ತಿಂದರೇನಾಯ್ತು ಅಂದರು. ಪೌಲನೂ ಆ ಮಾತನ್ನು ಒಪ್ಪುತ್ತಾನೆ.

“ಹಾಗಾದ್ರೆ ನೀರು ಬರೀ ನೀರು. ಹೆದರುವವರಿಗೆ ತಿಳುವಳಿಕೆ ಸಾಲದು, ಅಷ್ಟೇ. ನಾನಂತೂ ನಿನ್ನೆ ಪಕ್ಕದ ಮನೆಯಲ್ಲಿ ಕುಡಿದೆ,” ಅಂದ. ನಗುತ್ತಲೇ ಅಂದ. ಮುಂದಿನ ವಚನಕ್ಕೆ ಹೋಗುವಷ್ಟರಲ್ಲಿ ಅಜ್ಜಿ ಬಾಯಿ ತೆರೆದರು.

“ನಿಂಗೆ ಅದು ನೀರು ಮಗಾ. ನಮ್ಮವ್ವ ದೊಡ್ಡಮನೆ ಅಂಗಳದ ಕೊನೇಲಿ ನಿಂತು ಬೊಗಸೆ ಒಡ್ಡೋಳು. ಮುಟ್ಟಿಬಿಡ್ತೀವಿ ಅಂತ ಮೇಲಿಂದ ಹುಯ್ಯೋರು. ನಾನು ಸೆರಗು ಹಿಡ್ಕೊಂಡು ನೋಡ್ತಿದ್ದೆ. ನಂಗೆ ಅದು ಗಂಟಲಲ್ಲಿ ಇಳಿಯೋದಿಲ್ಲ.”

ಯಾರೂ ಮಾತಾಡಲಿಲ್ಲ. ಹುಡುಗ ಬೈಬಲ್ ಮೇಲೆ ಬೆರಳಿಟ್ಟುಕೊಂಡು ಹಾಗೇ ಕೂತ. ಆಮೇಲೆ ಯಾರೋ ಒಂದು ಕೀರ್ತನೆ ಎತ್ತಿಕೊಂಡರು. ಸದ್ಯ.

ಅಜ್ಜಿಯ ಗಂಡನ ಕಡೆಯವರು ಆನಂದಪುರದವರು. 1850ರ ದಶಕದಲ್ಲಿ, ಗದ್ದೆಗಳಲ್ಲಿ ಜೀತಕ್ಕಿದ್ದು ಕ್ರೈಸ್ತರಾದ ಕುಟುಂಬಗಳಿಗಾಗಿ ಜರ್ಮನ್ ಮಿಷನರಿ ಮೊಗ್ಲಿಂಗ್ ಕಟ್ಟಿದ ಊರು ಅದು. 1843ರಲ್ಲಿ ಮಂಗಳೂರು ಸಮಾಚಾರ ಹೊರಡಿಸಿದ, ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದ ಅದೇ ಮೊಗ್ಲಿಂಗ್. ಅಷ್ಟು ಓದಿದ ಮನುಷ್ಯ ಈ ಕಾಡಿಗೆ ಬಂದು ಅಕ್ಷರ ಬಾರದವರ ನಡುವೆ ಕೂತ. ತಮಾಷೆ ಅಂದರೆ ಈ ಕಥೆಯನ್ನೆಲ್ಲ ನಮಗೆ ಹೇಳಿದ್ದು ಆ ಹುಡುಗನೇ. ಮೊಗ್ಲಿಂಗ್ ಅಂದರೆ ಅವನಿಗೆ ಪ್ರಾಣ.

ಅವನು ಒಳ್ಳೆಯವನು ಮಾರಾಯ್ರೆ. ಊರಿಗೆ ಬಂದಾಗೆಲ್ಲ ಅಜ್ಜಿಯ ಗ್ಯಾಸ್ ಸಿಲಿಂಡರ್ ಹೊತ್ತುಕೊಂಡು ಹೋಗುವವನು ಅವನೇ. ಗ್ರೀಕ್ ಕಲಿತ ಜಂಬ ಸ್ವಲ್ಪ ಇದೆ. ಇಪ್ಪತ್ತೆರಡರ ವಯಸ್ಸಿಗೆ ಅಷ್ಟೂ ಇರಬಾರದಾ? ಅವನು ನಿಲ್ಲಿಸಿದ ಜಾಗದ ಮುಂದೆಯೇ ಪೌಲ ಬೇರೆ ದಾರಿ ಹಿಡಿಯುತ್ತಾನೆ. ನನ್ನ ಊಟದಿಂದ ನನ್ನ ಸಹೋದರ ಎಡವುವುದಾದರೆ ನಾನು ಎಂದೂ ಮಾಂಸ ಮುಟ್ಟುವುದಿಲ್ಲ ಅನ್ನುತ್ತಾನೆ. ಸರಿ ಯಾರ ಕಡೆ ಇದೆ ಅಂತ ಚೆನ್ನಾಗಿ ಗೊತ್ತಿದ್ದೂ ಅಷ್ಟು ದೊಡ್ಡ ಮಾತಾಡುತ್ತಾನೆ. ಹುಡುಗ ಅದನ್ನು ಖಂಡಿತ ಓದಿದ್ದಾನೆ, ಪರೀಕ್ಷೆಯಲ್ಲಿ ಬರೆದೂ ಇರುತ್ತಾನೆ. ಆದರೆ ಆ ಸಹೋದರ ಎದುರಿಗೇ ಚಾಪೆ ಮೇಲೆ ಕಾಲು ಚಾಚಿ ಕೂತಿರುತ್ತಾನೆ ಅಂತ ಯಾರು ನೆನೆಸುತ್ತಾರೆ?

ಬರುವಾಗ ಬೇಗ ಬಂದೆವು. ಸಂಜೆಯೇ ಆನೆ ರಸ್ತೆ ದಾಟಿತಂತೆ, ಕಾಫಿ ಗಿಡ ಮುರಿದು ಹಾಕಿದೆಯಂತೆ. ಮಳೆ ಬೇರೆ ನಿಲ್ಲುತ್ತಿಲ್ಲ.

ನನ್ನ ಅಡುಗೆಮನೆಯ ಶೆಲ್ಫಿನಲ್ಲೂ ಒಂದು ಬಾಟಲಿ ಇದೆ. ಪಕ್ಕದ ಮನೆ ಅಕ್ಕ ಶುಕ್ರವಾರ ರಾತ್ರಿಯೇ ತಂದುಕೊಟ್ಟರು. ಇವರು ಆಸ್ಪತ್ರೆಯಲ್ಲಿದ್ದಾಗ ಮಕ್ಕಳಿಗೆ ಊಟ ಹಾಕಿದ ಕೈ ಅದು. ಎರಡೂ ಕೈಯಲ್ಲಿ ತಗೊಂಡೆ. ಬೇಡ ಅಂದಿದ್ದರೆ ಅವರ ಮುಖ ಏನಾಗುತ್ತಿತ್ತು! ಇದನ್ನು ಅಜ್ಜಿ ನೋಡಿದರೆ? ಒಬ್ಬರನ್ನು ನೋಯಿಸಬಾರದು ಅಂದರೆ ಇನ್ನೊಬ್ಬರಿಗೆ ನೋವು. ಪ್ರೀತಿ ಇದ್ದರೆ ಎಲ್ಲಾ ಸುಲಭ ಅಂತ ಪ್ರಸಂಗ ಮಾಡುವವರನ್ನು ಕರೆದು ಈ ಶೆಲ್ಫಿನ ಮುಂದೆ ನಿಲ್ಲಿಸಬೇಕು.

ಹತ್ತನೇ ಅಧ್ಯಾಯವನ್ನೂ ಈಗ ಓದಿದೆ. ಊಟಕ್ಕೆ ಕರೆದವರ ಮನೆಗೆ ಹೋದರೆ ಏನೂ ಕೇಳದೆ ತಿನ್ನು, ಇದು ಬಲಿ ಕೊಟ್ಟದ್ದು ಅಂತ ಯಾರಾದರೂ ಹೇಳಿದರೆ ಅವರ ಮನಸ್ಸಾಕ್ಷಿಗಾಗಿ ತಿನ್ನಬೇಡ ಅಂತಿದೆ. ಅಕ್ಕ ಬಾಗಿಲಲ್ಲೇ ಹೇಳಿದರಲ್ಲ, ಕಾವೇರಮ್ಮನ ತೀರ್ಥ ಅಂತ. ನಮ್ಮ ಸಭೆಯ ಪಾದ್ರಿ ಅಯ್ಯನವರು ಬಂದಾಗ ಕೇಳಬೇಕು. ಆದರೆ ಅಯ್ಯನವರು ಅಕ್ಕನನ್ನೂ ಕಂಡಿಲ್ಲ, ಅಜ್ಜಿಯ ಅವ್ವನ ಕಥೆಯನ್ನೂ ಕೇಳಿಲ್ಲ. ಎರಡನ್ನೂ ಹೇಳದೆ ಬರೀ ಪ್ರಶ್ನೆ ಕೇಳಿದರೆ ಅವರಾದರೂ ಏನು ಹೇಳಿಯಾರು?