ಬೋರ್ಡ್ ಒರೆಸಿದ ದಿನ

ಒಂದು ಜಿಲ್ಲಾ ಕೇಂದ್ರದಲ್ಲಿ ಹದಿಹರೆಯದವರಿಗೆ ಸಂಜೆ ಹೊತ್ತು ಚಟುವಟಿಕೆ ನಡೆಸುವುದು ನನ್ನ ಕೆಲಸ. ಹುಡುಗರ ಬಾಯಲ್ಲಿ ಸದಾ ಕನ್ನಡದ ರ‍್ಯಾಪರ್ ಆಲ್ ಓಕೆಯ ಹಾಡುಗಳು ಇರುತ್ತಿದ್ದುದನ್ನು ನೋಡಿ ರ‍್ಯಾಪ್ ಕಾರ್ಯಾಗಾರ ಇಟ್ಟೆ. ಬೋರ್ಡಿನ ಮೇಲೆ ವಿಷಯಗಳನ್ನೂ ನಾನೇ ಬರೆದೆ: ಸ್ವಚ್ಛತೆ, ವ್ಯಸನಮುಕ್ತಿ, ಮತದಾನ. ಮೊದಲ ದಿನ ಹತ್ತೊಂಬತ್ತು ಜನ ಬಂದರು. ಮೂರನೇ ದಿನ ನಾಲ್ಕೇ ಜನ.

ಉಳಿದವರು ಹಾಲ್ ಹಿಂದಿನ ನೀರಿನ ಟ್ಯಾಂಕ್ ಹತ್ತಿರ ಸಿಕ್ಕರು. ಫ್ರಿಡ್ಜ್ ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಿ ನೆಲಕ್ಕೆ ಹಾಸಿ, ಅಂಚಿಗೆ ಟೇಪ್ ಅಂಟಿಸಿದ್ದರು. ಅದರ ಮೇಲೆ ಒಬ್ಬ ಅಂಗೈ ಊರಿ ತಿರುಗುತ್ತಿದ್ದ, ಇನ್ನೊಬ್ಬ ಬಾಯಲ್ಲೇ ಬೀಟ್ ಹಾಕುತ್ತಿದ್ದ. ಆಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನಡುವೆ ಬಂದು, ನಡುರಾತ್ರಿ ಬಿಡುವ ನಲ್ಲಿ ನೀರಿಗೆ ಕೊಡ ಹಿಡಿದು ಕಾಯುವ ಅಮ್ಮನ ಬಗ್ಗೆ ಶುರು ಮಾಡಿದಳು. ಅರ್ಧಕ್ಕೆ ಸಾಲು ಮರೆತಳು. ಯಾರೂ ನಗಲಿಲ್ಲ. ಬೀಟ್ ಹಾಕುವವನು ಅವಳಿಗೆ ನೆನಪಾಗುವ ತನಕ ಇನ್ನೊಂದು ಸುತ್ತು ಎಳೆದ. ಇನ್ನೊಬ್ಬರ ಮಾತು ಕೇಳಿಸಿಕೊಳ್ಳಿ ಅಂತ ಎರಡು ವರ್ಷದಿಂದ ನಾನು ಹೇಳುತ್ತಲೇ ಇದ್ದೆ. ಇಲ್ಲಿ ಅದು ಯಾರೂ ಹೇಳದೆ ನಡೆಯುತ್ತಿತ್ತು.

ರ‍್ಯಾಪ್, ಬ್ರೇಕ್ ಡ್ಯಾನ್ಸ್ ಎಲ್ಲ ಸೇರಿದ ಹಿಪ್‌ಹಾಪ್ ಹುಟ್ಟಿದ ದಿನ ಅಂತ ಹೇಳುವ 1973ರ ಆಗಸ್ಟ್ 11ರ ಕಥೆ ನನಗೆ ಗೊತ್ತಿಲ್ಲದ್ದೇನಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಹೊಂದಿಸಲು ಪಾರ್ಟಿ ಇಟ್ಟಳು. ಆಹ್ವಾನ ಕೈಬರಹದ್ದು, ಪ್ರವೇಶ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಅಣ್ಣ ಕೂಲ್ ಹರ್ಕ್ ಡಿಜೆ. ಜನ ಹೆಚ್ಚು ಕುಣಿಯುವುದು ಹಾಡಿನ ನಡುವೆ ಬರುವ ಬರೀ ತಾಳದ ತುಣುಕಿಗೆ ಅಂತ ಗಮನಿಸಿದ್ದ ಅವನು, ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನೇ ಉದ್ದ ಮಾಡುವುದನ್ನು ರೂಢಿಸಿದ. ಕುಣಿಯುವವರ ಕಾಲು ನೋಡಿ ಕಲಿತದ್ದು ಅದು. ನಾನೋ, ಹುಡುಗರ ಕಡೆ ನೋಡದೆ ಬೋರ್ಡ್ ತುಂಬಿಸಿದ್ದೆ.

ಮಾರನೇ ದಿನ ಬೋರ್ಡ್ ಒರೆಸಿ, ಹಾಲ್ ಬೀಗದ ಕೈ ಅವರಿಗೇ ಕೊಟ್ಟೆ. "ಸರ್, ಬ್ಯಾಟಲ್ ಮಾಡುವಾಗ ಬೈಗುಳ ಬಂದ್ರೆ?" ಅಂತ ಒಬ್ಬ ಕೇಳಿದ. ಬ್ಯಾಟಲ್ ಅಂದರೆ ಇಬ್ಬರು ಎದುರುಬದುರು ನಿಂತು ರ‍್ಯಾಪ್ ಸಾಲುಗಳಲ್ಲೇ ಒಬ್ಬರನ್ನೊಬ್ಬರು ಸೋಲಿಸಲು ನೋಡುವ ಪೈಪೋಟಿ. ನೀವೇ ತೀರ್ಮಾನ ಮಾಡಿ ಅಂದೆ. ಅರ್ಧ ಗಂಟೆ ಕಿತ್ತಾಡಿ ನಿಯಮ ಹಾಕಿಕೊಂಡರು: ಎದುರಾಳಿಯ ಸಾಲನ್ನು ಎಷ್ಟು ಬೇಕಾದರೂ ಹೀಯಾಳಿಸಬಹುದು, ಮನೆಯವರು, ಜಾತಿ, ಮೈಬಣ್ಣದ ಸುದ್ದಿಗೆ ಹೋಗುವಂತಿಲ್ಲ. ನಾನಾಗಿದ್ದರೆ ಕೆಟ್ಟ ಪದ ಬೇಡ ಅಂತಷ್ಟೇ ಬರೆಯುತ್ತಿದ್ದೆ. ಜಾತಿ ನನಗೆ ಹೊಳೆಯುತ್ತಲೇ ಇರಲಿಲ್ಲ.

ನೀರಿನ ಹಾಡಿಗೆ ಬೇರೆ ಬೀದಿಯವರೂ ಸಾಲು ಸೇರಿಸಿದರು. ಹಾಡಿನಲ್ಲಿ ಸುಳ್ಳು ಇರಬಾರದು ಅಂತ ಮನೆಮನೆಗೆ ಹೋಗಿ, ಯಾವ ಬೀದಿಗೆ ಯಾವ ದಿನ ಎಷ್ಟು ಗಂಟೆಗೆ ನೀರು ಬರುತ್ತದೆ ಎಂದು ಬರೆದುಕೊಂಡು ಬಂದರು. ಆ ಪಟ್ಟಿಯನ್ನೇ ಲಗತ್ತಿಸಿ ಕಚೇರಿಗೆ ಅರ್ಜಿ ಕೊಟ್ಟೆವು. ನೀರು ಬರುವ ಹೊತ್ತು ಇನ್ನೂ ಬದಲಾಗಿಲ್ಲ. ಅರ್ಜಿಯಲ್ಲಿ ಮೊದಲ ಸಹಿ ಆ ಹುಡುಗಿಯ ಅಮ್ಮನದು.