ಮೇಲಕ್ಕಲ್ಲ, ಪಕ್ಕಕ್ಕೆ

ನಮ್ಮ ಡೈವ್ ಶಾಪಿನ ಸಾಮಾನು ಕೋಣೆಯಲ್ಲಿ ಒಂದು ಬಿಳಿ ಹಲಗೆ ಇದೆ. ಬೆಳಗಿನ ಗೆಸ್ಟ್‌ಗಳ ಹೆಸರು, ಫಿನ್ ಸೈಜು, ವೇಯ್ಟ್, ನೀರಿನೊಳಗೆ ಯಾರಿಗೆ ಯಾರು ಬಡ್ಡಿ, ಅಂದರೆ ಜೊತೆಗಾರ, ಎಂಬುದನ್ನೆಲ್ಲ ಅದರ ಮೇಲೆ ಬರೆದಿರುತ್ತೇವೆ. ಕೆಳಗಿನ ಮೂಲೆಯನ್ನು ಹಿಂದಿನ ದಿನ ನೀರಿಗಿಳಿದವರು ಮುಂದಿನವರಿಗೆ ತಿಳಿಸಬೇಕಾದ ಸಂಗತಿಗಳಿಗೆಂದು ಬಿಟ್ಟಿರುವುದು ವಾಡಿಕೆ. ಕಳೆದ ಸೀಸನ್ನಿನ ಒಂದು ಬೆಳಿಗ್ಗೆ ಆ ಮೂಲೆಯಲ್ಲಿ ‘ಟೈಟನ್, ಮೂರಿಂಗ್‌ನಿಂದ ದಕ್ಷಿಣಕ್ಕೆ, ಮರಳಿನ ಗುಂಡಿ’ ಎಂದಿತ್ತು. ಬೋಟ್ ಕಟ್ಟುವ ಜಾಗದ ದಕ್ಷಿಣಕ್ಕೆ, ಮರಳಿನ ಗುಂಡಿಯಲ್ಲಿ ಟೈಟನ್ ಟ್ರಿಗರ್ ಎಂಬ ದೊಡ್ಡ ಮೀನು ಗೂಡು ಕಾಯುತ್ತಿದೆ, ಹತ್ತಿರ ಹೋದರೆ ಎರಗುತ್ತದೆ ಎಂದು ಅದರ ಅರ್ಥ. ನಾನು ಅದನ್ನು ಓದಿದ್ದೆ. ಓದಿರಲಿಲ್ಲವೆಂದು ಹೇಳಿ ನುಣುಚಿಕೊಳ್ಳುವಂತಿಲ್ಲ; ಅದರ ಪಕ್ಕದಲ್ಲೇ ನನ್ನ ಗುಂಪಿನ ಟ್ಯಾಂಕ್ ಸಂಖ್ಯೆಗಳನ್ನು ಬರೆದವನು ನಾನೇ.

ನಾನು ಮುರುಡೇಶ್ವರದವನು. ನೇತ್ರಾಣಿಗೆ ಹೋಗುವ ಬೋಟಿನಲ್ಲಿ ಟ್ಯಾಂಕ್ ಹೊರುವ ಹುಡುಗನಾಗಿ ಸೇರಿ, ಓಪನ್ ವಾಟರ್, ಅಡ್ವಾನ್ಸ್ಡ್, ರೆಸ್ಕ್ಯೂ ಎಂದು ಕೈಯಲ್ಲಿ ಹಣ ಸೇರಿದಂತೆಲ್ಲ ಒಂದೊಂದೇ ಕೋರ್ಸ್ ಮುಗಿಸಿ, ಕೊನೆಗೆ ಗೆಸ್ಟ್‌ಗಳನ್ನು ನೀರಿನೊಳಗೆ ಕರೆದೊಯ್ಯುವ ಡೈವ್‌ಮಾಸ್ಟರ್ ಆಗಲು ಅಂಡಮಾನಿನ ಹ್ಯಾವ್‌ಲಾಕ್‌ಗೆ ಬಂದೆ. 2018ರಲ್ಲಿ ಅದಕ್ಕೆ ಸ್ವರಾಜ್ ದ್ವೀಪ ಎಂದು ಹೆಸರಿಟ್ಟಿದ್ದರೂ ಇಲ್ಲಿ ಡುಂಗಿ ಎನ್ನುವ ದೋಣಿಗಳವರ ಬಾಯಲ್ಲಿ ಇಂದಿಗೂ ಅದು ಹ್ಯಾವ್‌ಲಾಕೇ. ಬಲೆಯಿಂದ ಬಂಗಡೆ ಬಿಡಿಸುತ್ತ ಬೆಳೆದ ನನಗೆ ಮೀನಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ಮೊದಲಿನಿಂದಲೂ ಇತ್ತು. ಬಲೆಗೆ ಬಿದ್ದ ಮೀನಿನ ಪರಿಚಯವೇ ಬೇರೆ, ತನ್ನ ಮನೆ ಕಾಯುತ್ತ ನಿಂತ ಮೀನಿನ ಪರಿಚಯವೇ ಬೇರೆ ಎಂಬುದು ಆಗ ತಲೆಗೆ ಹೊಳೆದಿರಲಿಲ್ಲ.

ಆ ದಿನ ನನ್ನ ಜೊತೆ ನಾಲ್ವರು ಗೆಸ್ಟ್‌ಗಳಿದ್ದರು: ಹುಬ್ಬಳ್ಳಿಯ ಗಂಡ ಹೆಂಡತಿ ಮತ್ತು ಇಬ್ಬರು ಪುಣೆಯ ಹುಡುಗರು. ಎಲ್ಲರೂ ಓಪನ್ ವಾಟರ್ ಮುಗಿಸಿದವರೇ. ಹತ್ತೂವರೆಗೆ ಮೊದಲ ಸಲ ನೀರಿಗಿಳಿಯುವವರ ಡಿಎಸ್‌ಡಿ ಬ್ಯಾಚ್ ಕಾದಿರುತ್ತದೆ, ಅಷ್ಟರೊಳಗೆ ಬೋಟ್ ವಾಪಸಾಗಬೇಕು ಎಂದು ಮ್ಯಾನೇಜರ್ ಮೂರು ಬಾರಿ ಎಚ್ಚರಿಸಿದ್ದರಿಂದ, ಹತ್ತು ನಿಮಿಷ ಹಿಡಿಯಬೇಕಾದ ಬ್ರೀಫಿಂಗನ್ನು ನಾಲ್ಕು ನಿಮಿಷಕ್ಕೆ ಇಳಿಸಿದೆ. ಕೈಸನ್ನೆ, ಗಾಳಿ, ಬಡ್ಡಿ ಬೇರೆಯಾದರೆ ಏನು ಮಾಡಬೇಕು ಎಂಬುದಷ್ಟನ್ನು ಹೇಳಿ ಟ್ರಿಗರ್ ವಿಷಯ ಬಿಟ್ಟುಬಿಟ್ಟೆ. ಮ್ಯಾನೇಜರ್ ಅವಸರ ಮಾಡಿದ್ದು ನಿಜ. ಆದರೆ ದಕ್ಷಿಣದ ದಾರಿಯನ್ನು ಆರಿಸಿಕೊಂಡವನು ನಾನು. ಅಲ್ಲಿನ ಬಂಡೆಯ ಸಂದಿಯೊಂದರಲ್ಲಿ ಆಕ್ಟೋಪಸ್ ವಾಸವಾಗಿತ್ತು, ಹಿಂದಿನ ವಾರ ಅದನ್ನು ತೋರಿಸಿದ್ದಕ್ಕೆ ಒಳ್ಳೆಯ ಟಿಪ್ ಸಿಕ್ಕಿತ್ತು. ಮರಳಿನ ಗುಂಡಿಯನ್ನು ಬಳಸಿ ಹೋದರೆ ಐದಾರು ನಿಮಿಷ ಹೆಚ್ಚು ಹಿಡಿಯುತ್ತದೆ ಎಂಬ ಲೆಕ್ಕ ಹಾಕಿ ನೇರವಾಗಿ ಹೊರಟೆ.

14 ಮೀಟರ್ ಆಳದಲ್ಲಿ ಅದು ಕಾಣಿಸಿತು. ಟೈಟನ್ ಟ್ರಿಗರ್ 75 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಇದು ಅದಕ್ಕಿಂತ ತುಸು ಚಿಕ್ಕದಿರಬಹುದು, ಆದರೆ ನೀರಿನಲ್ಲಿ ನನಗೆ ಕುರಿಮರಿಯಷ್ಟು ಕಂಡಿತು. ಉಳಿದ ದಿನಗಳಲ್ಲಿ ಇದೇ ಮೀನು ಬಾಯಿಂದ ನೀರು ಚಿಮ್ಮಿ ಮರಳು ಹಾರಿಸುತ್ತ, ಹವಳವನ್ನು ಕರಕರ ಅಗಿಯುತ್ತ, ಬಿದ್ದ ಚೂರುಪಾರಿಗಾಗಿ ಹಿಂದೆ ಬರುವ ಸಣ್ಣ ಮೀನುಗಳ ಮೆರವಣಿಗೆ ಕಟ್ಟಿಕೊಂಡು ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ಆ ದಿನ ಸುತ್ತ ಒಂದೂ ಮೀನಿರಲಿಲ್ಲ. ಗುಂಡಿಯ ಮೇಲೆ ಓರೆಯಾಗಿ ವಾಲಿಕೊಂಡು, ಒಂದು ಕಣ್ಣನ್ನು ನಮ್ಮ ಕಡೆಗೂ ಇನ್ನೊಂದನ್ನು ಗುಂಡಿಯ ಕಡೆಗೂ ಹೊರಳಿಸುತ್ತ ನಿಂತಿತ್ತು. ಬೆನ್ನಿನ ಮೊದಲ ಮುಳ್ಳು ನೆಟ್ಟಗೆ ಎದ್ದಿತ್ತು. ಆ ಮುಳ್ಳು ಎದ್ದ ಮೇಲೆ ಅದರ ಹಿಂದಿನ ಎರಡನೆಯ ಮುಳ್ಳು ಚಿಲಕದಂತೆ ಕೂತು ಅದನ್ನು ಬಿಗಿಹಿಡಿಯುತ್ತದೆ. ಬಂದೂಕಿನ ಕುದುರೆಯ ಹೆಸರು ಈ ಮೀನಿಗೆ ಬಂದದ್ದು ಅದರಿಂದಲೇ. ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆಯನ್ನು ಮೀನೊಂದು ಕೊಡಲಾರದು. ನಾನು ಹಿಂದಕ್ಕೆ ತಿರುಗಿ ಗೆಸ್ಟ್‌ಗಳಿಗೆ ‘ನೋಡಿ’ ಎಂದು ಬೆರಳು ತೋರಿಸಿದೆ.

ಅದು ಹುಬ್ಬಳ್ಳಿಯ ಸರ್ ಮೇಲೆ ಎರಗಿತು. ಮೊದಲ ಸಲ ಫಿನ್‌ಗೆ ಬಾಯಿ ಹಾಕಿದಾಗ ಅವರು ತಿರುಗಿ ನೋಡಿದರು, ಎರಡನೆಯ ಸಲಕ್ಕೆ ಗಾಬರಿಯಾಗಿ ಬಿಸಿಡಿಗೆ, ಅಂದರೆ ತೇಲಿಸುವ ಜಾಕೆಟ್‌ಗೆ, ಗಾಳಿ ತುಂಬುವ ಇನ್‌ಫ್ಲೇಟರ್ ಒತ್ತಿ ಹಿಡಿದು ಮೇಲಕ್ಕೆ ಚಿಮ್ಮಿದರು. ನಾನು ಉಳಿದ ಮೂವರಿಗೆ ಒಂದು ಸನ್ನೆಯನ್ನೂ ಮಾಡದೆ ಅವರ ಹಿಂದೆ ಧಾವಿಸಿದೆ. 14 ಮೀಟರ್‌ನಲ್ಲಿ ಎಳೆದು ಬಿಗಿಹಿಡಿದ ಉಸಿರು ಮೇಲ್ಮೈಗೆ ಬರುವಷ್ಟರಲ್ಲಿ 2.4 ಪಟ್ಟು ಹಿಗ್ಗುತ್ತದೆ ಎಂಬ ಲೆಕ್ಕವನ್ನು ಪರೀಕ್ಷೆಯಲ್ಲಿ ಎಷ್ಟೋ ಬಾರಿ ಬರೆದಿದ್ದೆ. ಆಗ ನನ್ನ ಕಣ್ಣು ಅವರು ಉಸಿರು ಬಿಡುತ್ತಿದ್ದಾರೆಯೇ, ಬಾಯಲ್ಲಿನ ರೆಗ್ಯುಲೇಟರ್‌ನಿಂದ ಗುಳ್ಳೆ ಬರುತ್ತಿದೆಯೇ ಎಂಬುದನ್ನಷ್ಟೇ ಹುಡುಕುತ್ತಿತ್ತು. ಗುಳ್ಳೆ ಬಂತು. ಅವರ ಕಾಲು ಕೈಗೆ ಸಿಕ್ಕಿದಾಗ ಏರುವ ವೇಗ ಹೆಚ್ಚಾಯಿತೆಂದು ನನ್ನ ಡೈವ್ ಕಂಪ್ಯೂಟರ್ ಚೀರುತ್ತಿತ್ತು, ಆಳ 9 ಮೀಟರ್. ಭುಜದ ಡಂಪ್ ದಾರ ಎಳೆದು ಗಾಳಿ ಬಿಟ್ಟು, ಅವರ ಮುಖದೆದುರು ಮುಖವಿಟ್ಟು, ಉಸಿರಾಡಿ ಉಸಿರಾಡಿ ಎಂದು ಕೈಸನ್ನೆ ಮಾಡುತ್ತ ಅಲ್ಲೇ ನಿಲ್ಲಿಸಿದೆ.

ನಿಲ್ಲಿಸಿದ್ದು ಸರಿಯೇ, ನಿಲ್ಲಿಸಿದ ಜಾಗ ತಪ್ಪು. ಡೈವ್‌ಮಾಸ್ಟರ್ ತರಬೇತಿಯಲ್ಲಿ ನಮ್ಮ ಇನ್‌ಸ್ಟ್ರಕ್ಟರ್ ದಂಡೆಯ ಮರಳಿನ ಮೇಲೆ ತುದಿ ಕೆಳಗಾದ ಶಂಕುವೊಂದನ್ನು ಗೀಚಿ, ಗೂಡು ತುದಿಯಲ್ಲಿದೆ, ಮೀನಿನ ಸರಹದ್ದು ಮೇಲೆ ಹೋದಂತೆ ಅಗಲವಾಗುತ್ತದೆ, ಆದ್ದರಿಂದ ಮೇಲಕ್ಕೆ ಓಡಿದವನು ಅದರ ಮನೆಯೊಳಗೇ ಇರುತ್ತಾನೆ ಎಂದು ವಿವರಿಸಿದ್ದರು. ಆ ಚಿತ್ರ ನೆನಪಾದದ್ದು ನನ್ನ ಮೀನಖಂಡಕ್ಕೆ ಹಲ್ಲು ನೆಟ್ಟ ಮೇಲೆ. ಕಡಲಮುಳ್ಳಿಯ ಚಿಪ್ಪನ್ನು ಒಡೆಯುವ ಹಲ್ಲುಗಳು ಅವು. ವೆಟ್‌ಸೂಟ್ ಅವಕ್ಕೆ ಏನೂ ಅಲ್ಲ. ಸರ್ ಅವರ ಟ್ಯಾಂಕ್ ವಾಲ್ವ್ ಹಿಡಿದುಕೊಂಡು, ಅಂಗಾತ ಮಲಗಿ, ನನ್ನ ಫಿನ್‌ಗಳನ್ನು ಮೀನಿಗೆ ಅಡ್ಡ ಹಿಡಿದು ಪಕ್ಕಕ್ಕೆ ಕಿಕ್ ಮಾಡತೊಡಗಿದೆ. ಮೂವತ್ತೋ ನಲವತ್ತೋ ಕಿಕ್ ಆದ ಮೇಲೆ ಅದು ಗೆರೆ ಎಳೆದಂತೆ ಒಂದು ಕಡೆ ನಿಂತು, ತಿರುಗಿ, ಅವಸರವಿಲ್ಲದೆ ಗುಂಡಿಗೆ ಇಳಿಯಿತು.

ಕೆಳಗೆ ನೋಡಿದರೆ ಮೇಡಂ ಆ ಇಬ್ಬರು ಹುಡುಗರನ್ನೂ ಕರೆದುಕೊಂಡು ತಳದ ಮಟ್ಟದಲ್ಲೇ ಪಕ್ಕಕ್ಕೆ ಸರಿದು, ಬಂಡೆಯೊಂದರ ಮರೆಯಲ್ಲಿ ಗೇಜ್ ನೋಡುತ್ತ ಕಾಯುತ್ತಿದ್ದರು. ಪ್ರವಾಸಕ್ಕೆ ಮೊದಲು ಮನೆಯಲ್ಲಿ ಕೂತು ಟ್ರಿಗರ್ ಬಗ್ಗೆ ಓದಿಕೊಂಡಿದ್ದರಂತೆ. ಸಂಬಳ ನನಗೆ, ಕೆಲಸ ಮಾಡಿದ್ದು ಅವರು. ಅವರಿಗೆ ಸನ್ನೆ ಮಾಡಿ ಎಲ್ಲರನ್ನೂ ಒಟ್ಟುಗೂಡಿಸಿ, 5 ಮೀಟರ್‌ನಲ್ಲಿ ಮೇಲೇರುವ ಮುನ್ನ ತಂಗುವ ಮೂರು ನಿಮಿಷದ ಸೇಫ್ಟಿ ಸ್ಟಾಪನ್ನು ಐದಕ್ಕೆ ಎಳೆದೆ. ನನ್ನ ಕಾಲಿನಿಂದ ಒಸರುತ್ತಿದ್ದ ರಕ್ತ ಆ ಆಳದಲ್ಲಿ ಮಾಸಲಾಗಿ ಕಾಣುತ್ತಿತ್ತು. ಬೋಟ್ ಹತ್ತಿ ಮಾಸ್ಕ್ ತೆಗೆದ ಮೇಲೆ ಸರ್ ಬಹಳ ಹೊತ್ತು ಸುಮ್ಮನಿದ್ದು, “ತಮ್ಮಾ, ನಾ ಏನ್ ಮಾಡಿದ್ದೆ ಅದಕ್ಕ?” ಎಂದು ಕೇಳಿದರು. “ನೀವೇನೂ ಮಾಡಿಲ್ಲ ಸರ್, ಹೇಳಬೇಕಾದ್ದನ್ನು ನಾನು ಹೇಳಿರಲಿಲ್ಲ,” ಎಂದೆ. ಸಂಜೆಯವರೆಗೂ ಆಮ್ಲಜನಕದ ಕಿಟ್ ಪಕ್ಕದಲ್ಲಿಟ್ಟುಕೊಂಡು ಅವರ ಮೇಲೆ ಕಣ್ಣಿಟ್ಟಿದ್ದೆವು, ಏನೂ ಆಗಲಿಲ್ಲ.

ವರದಿಯಲ್ಲಿ ‘ಗೆಸ್ಟ್ ಸೂಚನೆ ಪಾಲಿಸಲಿಲ್ಲ’ ಎಂದು ಬರೆಯಲು ಮ್ಯಾನೇಜರ್ ಹೇಳಿದರು. ಕೊಡದ ಸೂಚನೆಯನ್ನು ಪಾಲಿಸುವುದು ಹೇಗೆ ಎಂದು ಕೇಳಿದ್ದಕ್ಕೆ ನಮ್ಮಿಬ್ಬರ ಮಾತು ಒಂದು ವಾರ ನಿಂತಿತು. ಈಗ ನನ್ನ ಬ್ರೀಫಿಂಗ್ ಹನ್ನೆರಡು ನಿಮಿಷ. ಡಿಎಸ್‌ಡಿ ಬ್ಯಾಚ್ ದಂಡೆಯಲ್ಲಿ ಎಳನೀರು ಕುಡಿಯುತ್ತ ಕಾಯುತ್ತದೆ. ಅರ್ಧಚಂದ್ರದ ಆಕಾರಕ್ಕೆ ಕಚ್ಚಿಸಿಕೊಂಡ ಆ ಫಿನ್ನಿನ ಬೆಲೆಯನ್ನು ನನ್ನ ತಿಂಗಳ ಸಂಬಳದಲ್ಲಿ ಮುರಿದುಕೊಂಡು, ಫಿನ್ನನ್ನು ಮಾತ್ರ ಶಾಪಿನ ಮುಂಬಾಗಿಲಲ್ಲಿ ನೇತುಹಾಕಿದ್ದಾರೆ. ಬಂದವರೆಲ್ಲ ಅದರ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ.